ಕೀಲೆಣ್ಣೆಯೂ ಎಂಜಿನಿನ ಎಣ್ಣೆಯೂ

ಹೊಸ ವಾಹನವೊಂದು ಮನೆಗೆ ಬಂದರೆ ಅದರ ಬಣ್ಣ ಬೆಲೆಗಳ ಮಾತು ಒಂದು ವಾರದೊಳಗೆ ಮುಗಿದುಹೋಗುತ್ತದೆ. ಆಮೇಲೆ ಉಳಿಯುವ ಸಂದೇಹಗಳು ಎರಡೇ. ಎಂಜಿನಿನಿಂದ ಬರುವ ಈ ಸದ್ದು ಸಹಜವಾದುದೋ ಅಲ್ಲವೋ ಎಂಬುದು ಒಂದು; ಮಾರುವವರು ತುಂಬಿಕೊಟ್ಟ ಎಣ್ಣೆಯನ್ನು ಎಷ್ಟು ದೂರ ಓಡಿಸಿದ ಮೇಲೆ ತೆಗೆದು ಹೊಸದನ್ನು ಹಾಕಬೇಕು ಎಂಬುದು ಇನ್ನೊಂದು. ಮನೆಯ ಹಿರಿಯರು ಒಂದು ಹೇಳುತ್ತಾರೆ, ನೆರೆಯವರು ಒಂದು ಹೇಳುತ್ತಾರೆ, ಮೆಕ್ಯಾನಿಕನು ಮತ್ತೊಂದು ಹೇಳುತ್ತಾನೆ. ಇದು ಈಗಿನ ಕಾಲದ ಚಿಂತೆಯೆಂದು ಅನೇಕರು ಭಾವಿಸುವರು. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳಲ್ಲಿ ಮೋಟಾರು ಕಾಲಿಡುವುದಕ್ಕೆ ಬಹು ಮುಂಚಿನಿಂದಲೂ ಗಾಡಿಯ ಸದ್ದಿಗೂ ಎಣ್ಣೆಗೂ ಇರುವ ಸಂಬಂಧವನ್ನು ಜನರು ಬಲ್ಲವರಾಗಿದ್ದರು. ಬದಲಾದುದು ಒಂದು ಕ್ರಿಯಾಪದ ಮಾತ್ರ. ನಮ್ಮ ಹಿರಿಯರು ಬಂಡಿಗೆ ಎಣ್ಣೆಯನ್ನು ಹಾಕುತ್ತಿದ್ದರು. ನಾವು ವಾಹನದ ಎಣ್ಣೆಯನ್ನು ಬದಲಾಯಿಸುತ್ತೇವೆ. ಹಾಕುವುದು ಹೋಗಿ ಬದಲಾಯಿಸುವುದು ಬಂದದ್ದು ಹೇಗೆ, ಅದರಿಂದ ನಮಗಾದ ಲಾಭವೇನು, ಕೈಬಿಟ್ಟುದೇನು ಎಂಬುದನ್ನು ಇಲ್ಲಿ ವಿಚಾರಿಸುವೆನು.

೧೮೦೦ರಲ್ಲಿ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ನನು ಮೈಸೂರು ಸೀಮೆಯನ್ನು ಸಂಚರಿಸಿ ವರದಿ ಬರೆದನು. ಅವನು ಚಿಕ್ಕಬಳ್ಳಾಪುರಕ್ಕೂ ಬಂದು ಇಲ್ಲಿಯ ಸಕ್ಕರೆಯ ಕಸುಬನ್ನು ಗಮನಿಸಿದ್ದಾನೆ. ಆ ಕಾಲದಲ್ಲಿ ಸರಕೆಲ್ಲವೂ ಬಹುಮಟ್ಟಿಗೆ ಹೇರೆತ್ತುಗಳ ಬೆನ್ನ ಮೇಲೆ ಸಾಗುತ್ತಿದ್ದಿತು. ಬಂಡಿ ಇಲ್ಲದಿರಲಿಲ್ಲ, ಬಂಡಿ ಹೋಗಲು ದಾರಿ ಇರಲಿಲ್ಲ. ೧೮೩೪ರಿಂದ ೧೮೬೧ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ ಸಂಸ್ಥಾನದಲ್ಲೆಲ್ಲಾ ರಸ್ತೆಗಳು ಹಾಸಲ್ಪಟ್ಟುವು, ಹಳ್ಳಗಳಿಗೆ ಸೇತುವೆಗಳು ಬಿದ್ದುವು. ಬೇಸಗೆಯನ್ನು ನಂದಿಬೆಟ್ಟದ ಮೇಲೆ ಕಳೆಯುತ್ತಿದ್ದ ಆ ಅಧಿಕಾರಿಗೆ ಈ ಸೀಮೆಯ ದಾರಿಗಳು ಚೆನ್ನಾಗಿ ಪರಿಚಿತವಾಗಿದ್ದಿರಬೇಕು. ದಾರಿಯಾದ ಮೇಲೆ ಬಂಡಿ ಬಂದಿತು. ಬಂಡಿಯ ಸಂಗಡ ಕೀಲೆಣ್ಣೆಯೂ ಬಂದಿತು.

ಬಂಡಿಯ ರಚನೆಯನ್ನು ಬಲ್ಲವರು ಈಗ ಕಡಮೆಯಾಗುತ್ತಿರುವುದರಿಂದ ಎರಡು ಮಾತು ಹೇಳಬೇಕಾಗಿದೆ. ಗಾಲಿಯ ನಡುವಣ ದಪ್ಪ ಮರದ ತುಂಡಿಗೆ ಗುಂಬವೆಂದು ಹೆಸರು. ಅದರ ತೂತಿನೊಳಗೆ ಕಬ್ಬಿಣದ ಬಳೆಯನ್ನು ಕೂರಿಸಿರುತ್ತಾರೆ. ಅಚ್ಚಿನ ತುದಿಯು ಈ ಬಳೆಯೊಳಗೆ ಹಾಯ್ದು ಹೊರಬರುತ್ತದೆ. ಗಾಲಿ ಕಳಚಿ ಬೀಳದಂತೆ ಹೊರತುದಿಗೆ ಕಡೆಗೀಲನ್ನು ಹೊಡೆಯುತ್ತಾರೆ. ಬಂಡಿಯ ಭಾರವೆಲ್ಲವೂ ಈ ಬಳೆಯ ಮತ್ತು ಅಚ್ಚಿನ ನಡುವೆ ಇರುವ ಕೂದಲೆಳೆಯಷ್ಟು ಸಂದಿನ ಮೇಲೆ ನಿಂತಿದೆ. ಆ ಸಂದಿನಲ್ಲಿ ಎಣ್ಣೆಯ ಪೊರೆಯಿದ್ದರೆ ಎತ್ತುಗಳು ಹಾಯಾಗಿ ನಡೆಯುತ್ತವೆ. ಪೊರೆ ಹರಿದರೆ ಕಬ್ಬಿಣ ಕಬ್ಬಿಣವನ್ನು ತಿಂದು ಕಿರುಗುಟ್ಟುತ್ತದೆ. ಬಂಡಿಯಾಳು ಆ ಕೂಗನ್ನು ಕೇಳಿದೊಡನೆ ಬಂಡಿಯನ್ನು ನಿಲ್ಲಿಸಿ, ಮೂಕಿಗೆ ಊರೆ ಕೊಟ್ಟು, ಕಡೆಗೀಲನ್ನು ತೆಗೆದು, ಗಾಲಿಯನ್ನು ಗೇಣುದ್ದ ಹೊರಕ್ಕೆ ಎಳೆದು, ಬಂಡಿಯ ಅಡಿಯಲ್ಲಿ ತೂಗುಹಾಕಿದ್ದ ಬಿದಿರಿನ ಗೊಟ್ಟದಿಂದ ಎಣ್ಣೆಯನ್ನು ಅಚ್ಚಿಗೆ ಬಳಿಯುತ್ತಿದ್ದನು. ಇಷ್ಟು ದೂರಕ್ಕೆ ಒಂದು ಸಲ ಎಂಬ ಲೆಕ್ಕವಿರಲಿಲ್ಲ. ಸದ್ದೇ ಲೆಕ್ಕ.

ಆ ಎಣ್ಣೆಯು ಯಾವುದು? ಹರಳೆಣ್ಣೆ. ಉತ್ತರ ಕರ್ನಾಟಕದಲ್ಲಿ ಔಡಲವೆಂದು ಕರೆಯುವ ಹರಳನ್ನು ನಮ್ಮ ಕಡೆ ರಾಗಿಯ ಹೊಲಗಳಲ್ಲಿ ಸಾಲು ಬಿಟ್ಟು ಹಾಕುತ್ತಿದ್ದರು. ಬೀಜವನ್ನು ಹುರಿದು, ಒರಳಿನಲ್ಲಿ ಕುಟ್ಟಿ, ನೀರಿನಲ್ಲಿ ಬಹಳ ಹೊತ್ತು ಕುದಿಸಿ, ಮೇಲೆ ತೇಲಿಬಂದ ಎಣ್ಣೆಯನ್ನು ಮನೆಯ ಹೆಂಗಸರೇ ತೆಗೆಯುತ್ತಿದ್ದರು. ತಲೆಗೆ, ಮಗುವಿನ ಹೊಟ್ಟೆಗೆ, ದೀಪಕ್ಕೆ, ಕೊನೆಗೆ ಬಂಡಿಗೆ ಹೀಗೆ ಒಂದೇ ಗಡಿಗೆಯ ಎಣ್ಣೆ ಹಂಚಿಹೋಗುತ್ತಿದ್ದಿತು. ಬಂಡಿಯ ಪಾಲಿಗೆ ಹುಲ್ಲನ್ನು ಸುಟ್ಟ ಕರಿಯನ್ನು ಬೆರೆಸಿ ಮಂದ ಮಾಡುವರು. ಇದಕ್ಕೆ ಕೀಲೆಣ್ಣೆಯೆಂದು ಹೆಸರು. ಚಿಂತಾಮಣಿ ಶಿಡ್ಲಘಟ್ಟಗಳ ತೆಲುಗು ಮನೆಮಾತಿನವರು ಇದನ್ನೇ ಕಂದೆನವೆಂದರು. ಈಗ ತೆಲುಗಿನ ವಿಜ್ಞಾನ ಪುಸ್ತಕಗಳಲ್ಲಿ ಯಂತ್ರಗಳಿಗೆ ಹಾಕುವ ಎಣ್ಣೆಗೆಲ್ಲಾ ಆ ಹೆಸರೇ ನಿಂತಿದೆ. ಬಂಡಿಯಾಳಿನ ಮಾತು ಶಾಸ್ತ್ರದ ಮಾತಾಯಿತು. ನಾವು ಕನ್ನಡಿಗರು ಮಾತ್ರ ಕೀಲೆಣ್ಣೆಯನ್ನು ಬಂಡಿಯೊಡನೆಯೇ ಬಿಟ್ಟುಬಿಟ್ಟು, 'ಲೂಬ್ರಿಕೇಟಿಂಗ್ ಆಯಿಲ್' ಎಂದು ಕಷ್ಟಪಟ್ಟು ಉಚ್ಚರಿಸಿ, ಆಮೇಲೆ 'ಸ್ನಿಗ್ಧಕ' ಎಂಬ ಸಂಸ್ಕೃತವನ್ನು ಹುಡುಕಿಕೊಂಡೆವು.

ಕರಿಯನ್ನು ಏಕೆ ಬೆರೆಸುತ್ತಿದ್ದರು ಎಂಬುದು ವಿಚಾರಾರ್ಹವಾಗಿದೆ. ಬರಿಯ ಹರಳೆಣ್ಣೆಯು ಬೇಸಗೆಯ ಬಿಸಿಲಿನಲ್ಲಿ ತೆಳುವಾಗಿ ಹರಿದುಹೋಗುತ್ತದೆ. ನುಣುಪಾದ ಕರಿಯು ಅದನ್ನು ಹಿಡಿದು ನಿಲ್ಲಿಸುತ್ತದೆ. ಇಂದಿನ ಯಂತ್ರಶಾಲೆಗಳಲ್ಲಿ ಎಣ್ಣೆಗೆ ಸಾಬೂನಿನ ಅಂಶವನ್ನು ಸೇರಿಸಿ ಗ್ರೀಸು ಮಾಡುವುದೂ, ಕೆಲವಕ್ಕೆ ಗ್ರಾಫೈಟೆಂಬ ಇಂಗಾಲದ ಪುಡಿಯನ್ನು ಬೆರೆಸುವುದೂ ಇದೇ ಉದ್ದೇಶದಿಂದ. ಓದು ಬರಹವಿಲ್ಲದ ಬಂಡಿಯಾಳು ಇದನ್ನು ಸೂತ್ರವಾಗಿ ತಿಳಿದಿರಲಿಲ್ಲ, ಕೈಯಲ್ಲಿ ತಿಳಿದಿದ್ದನು. ಅಲ್ಲದೆ ಹೊಸ ಬಂಡಿ ಹೆಚ್ಚು ಸದ್ದು ಮಾಡುತ್ತದೆಂಬುದನ್ನೂ, ಬಳೆಯೂ ಅಚ್ಚೂ ಒಂದಕ್ಕೊಂದು ಸವೆದು ಹೊಂದಿಕೊಳ್ಳುವವರೆಗೆ ಅದರ ಮೇಲೆ ಪೂರ್ತಿ ಹೇರು ಹೇರಬಾರದೆಂಬುದನ್ನೂ ಅವನು ಬಲ್ಲನು. ಹೊಸ ಮೋಟಾರಿನ ಕೈಪುಸ್ತಕದಲ್ಲಿ ಇಂದು ಅಚ್ಚಾಗಿರುವ ಮೊದಲ ಎಚ್ಚರಿಕೆಯೂ ಇದೇ ಅಲ್ಲವೇ?

ಒಂದು ವಿಷಯದಲ್ಲಿ ಮಾತ್ರ ಬಂಡಿಯ ಎಣ್ಣೆಯು ಮೋಟಾರಿನ ಎಣ್ಣೆಯಿಂದ ಬೇರೆ. ಕೀಲೆಣ್ಣೆ ತಿರುಗಿ ಬರುವುದಿಲ್ಲ. ಬಳಿದದ್ದು ಸವೆದು, ಧೂಳಿನೊಡನೆ ಕೂಡಿ, ಗುಂಬದ ಬಾಯಿಯಲ್ಲಿ ಕಪ್ಪು ಜಿಡ್ಡಾಗಿ ಹೊರಬಂದು, ದಾರಿಯ ಮೇಲೆ ಬೀಳುತ್ತದೆ. ಹೊಸದು ಒಳಗೆ ಹೋಗುತ್ತದೆ, ಹಳೆಯದು ತಾನಾಗಿಯೇ ಹೊರಗೆ ಬರುತ್ತದೆ. ಆದುದರಿಂದ ಅದನ್ನು ಬದಲಾಯಿಸುವ ಪ್ರಸಂಗವೇ ಇಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗೌರಿಬಿದನೂರಿನ ಮೇಲೆ ಹಿಂದೂಪುರದ ಕಡೆಗೆ ರೈಲು ಹೋಯಿತು. ೧೯೧೦ರ ದಶಕದಲ್ಲಿ ಕೋಲಾರದಿಂದ ಚಿಂತಾಮಣಿ, ಶಿಡ್ಲಘಟ್ಟಗಳ ಮೇಲೆ ಚಿಕ್ಕಬಳ್ಳಾಪುರಕ್ಕೂ, ಚಿಕ್ಕಬಳ್ಳಾಪುರದಿಂದ ಯಲಹಂಕದ ಕಡೆಗೂ ಎರಡೂವರೆ ಅಡಿ ಅಗಲದ ಪುಟ್ಟ ಹಳಿಗಳು ಬಿದ್ದುವು. ಇವುಗಳ ಕಥೆ ಬೇರೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಈ ನಡುವೆ ನಮ್ಮ ಹರಳು ದೇಶಾಂತರವನ್ನು ಕಂಡಿತು. ೧೮೯೯ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಚಿಯರ್ಸ್ ವೇಕ್‌ಫೀಲ್ಡ್ ಎಂಬಾತನು ಯಂತ್ರಗಳ ಎಣ್ಣೆಯನ್ನು ಮಾರುವ ಸಂಸ್ಥೆಯೊಂದನ್ನು ತೆರೆದನು. ೧೯೦೯ರಲ್ಲಿ ಮೋಟಾರುಗಳಿಗೂ ವಿಮಾನಗಳಿಗೂ ಸಲ್ಲುವ ಹೊಸ ಎಣ್ಣೆಯನ್ನು ಹೊರತಂದು ಅದಕ್ಕೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟನು. ಹರಳಿಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಎನ್ನುತ್ತಾರೆ. ಕಲ್ಲೆಣ್ಣೆಗೆ ಹರಳೆಣ್ಣೆಯನ್ನು ಬೆರೆಸಿದ್ದುದರಿಂದ ಆ ಹೆಸರು ಬಂದಿತು. ೧೯೧೪ರ ಮಹಾಯುದ್ಧದಲ್ಲಿ ನೋಮ್, ಲ ರೋನ್ ಎಂಬ ಫ್ರೆಂಚ್ ವಿಮಾನ ಎಂಜಿನುಗಳು ಹರಳೆಣ್ಣೆಯನ್ನು ಬಿಟ್ಟು ಬೇರೊಂದನ್ನು ಒಲ್ಲೆನೆಂದುವು. ಆ ಎಂಜಿನುಗಳಲ್ಲಿ ಪೆಟ್ರೋಲಿನ ಆವಿಯು ಎಣ್ಣೆಯಿರುವ ಕಡೆಯಲ್ಲೇ ಹಾಯ್ದು ಹೋಗುತ್ತಿದ್ದಿತು. ಕಲ್ಲೆಣ್ಣೆಯನ್ನು ಪೆಟ್ರೋಲು ಕರಗಿಸಿಬಿಡುತ್ತದೆ, ಹರಳೆಣ್ಣೆ ಅದಕ್ಕೆ ಅಷ್ಟು ಸುಲಭವಾಗಿ ಕರಗದು. ಕಾದ ಲೋಹಕ್ಕೆ ಬಿಡದೆ ಅಂಟಿಕೊಳ್ಳುವ ಗುಣವೂ ಅದಕ್ಕೆ ಹೆಚ್ಚು. ಆದರೆ ಆ ಎಂಜಿನುಗಳಲ್ಲಿಯೂ ಎಣ್ಣೆ ತಿರುಗಿ ಬರುತ್ತಿರಲಿಲ್ಲ. ಒಳಗೆ ಹೋದದ್ದೆಲ್ಲವೂ ಹೊಗೆಯ ಜೊತೆಗೆ ಹೊರಗೆ ಚಿಮ್ಮಿ ವೈಮಾನಿಕನ ಮುಖದ ಮೇಲೆ ಬೀಳುತ್ತಿದ್ದಿತು. ಅಂದರೆ ಆ ಕಾಲಕ್ಕೆ ಅತ್ಯಾಧುನಿಕವಾಗಿದ್ದ ಯಂತ್ರವೂ ಈ ಒಂದಂಶದಲ್ಲಿ ಚಿಂತಾಮಣಿಯ ಸಂತೆಗೆ ಹೋಗುವ ಬಂಡಿಯ ಜಾತಿಯದೇ. ಅಮೆರಿಕಾ ದೇಶವು ಯುದ್ಧಕ್ಕೆ ಇಳಿದಾಗ ತನ್ನಲ್ಲಿ ಹರಳನ್ನು ಬೆಳೆಸುವುದಕ್ಕಾಗಿ ಬೀಜವನ್ನು ಭಾರತದಿಂದ ತರಿಸಿಕೊಂಡಿತೆಂಬುದನ್ನು ನೆನೆದರೆ, ಹಿತ್ತಿಲ ಗಿಡದ ಬೆಲೆ ಹಿತ್ತಿಲಲ್ಲಿರುವವರಿಗೇ ತಿಳಿಯದೆಂಬುದು ಸುಳ್ಳಲ್ಲವೆನಿಸುತ್ತದೆ.

ಹರಳೆಣ್ಣೆಗೆ ಒಂದು ದೊಡ್ಡ ದೋಷವೂ ಉಂಟು. ಬಹುಕಾಲ ಕಾದರೆ ಅದು ಗಾಳಿಯೊಡನೆ ಕೂಡಿ ಅಂಟಾಗಿ ಅರಗಿನಂತೆ ಗಟ್ಟಿಯಾಗುತ್ತದೆ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ತಿರುಗಿಸುವ ಎಂಜಿನಿಗೆ ಅದು ಹೊಂದಲಿಲ್ಲ. ಹೀಗಾಗಿ ಮೋಟಾರು ರಸ್ತೆಗೆ ನೆಲೆಯಾದಂತೆಲ್ಲಾ ಹರಳೆಣ್ಣೆ ಹಿಂದೆ ಸರಿದು ಕಲ್ಲೆಣ್ಣೆ ಮುಂದೆ ಬಂದಿತು. ಇತ್ತ ನಮ್ಮ ಹೊಲಗಳಲ್ಲಿಯೂ ಕಡಲೆಕಾಯಿ ಹಬ್ಬಿ ಹರಳಿನ ಸಾಲುಗಳು ತೆಳುವಾದುವು. ಬಂಡಿಗೆ ಬೇಕಾದ ಎಣ್ಣೆಯನ್ನು ಹೊಲದಿಂದ ತರುತ್ತಿದ್ದ ಒಕ್ಕಲಿಗನು ಮೋಟಾರಿನ ಎಣ್ಣೆಯನ್ನು ಡಬ್ಬಿಯಲ್ಲಿ ಕೊಳ್ಳಬೇಕಾಯಿತು.

೧೯೦೮ರಲ್ಲಿ ಹುಟ್ಟಿ ೧೯೨೭ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಕಂಪನಿಯ ಟಿ ಮಾದರಿಯ ಕಾರನ್ನು ಹಾಕುವ ಕಾಲಕ್ಕೂ ಬದಲಾಯಿಸುವ ಕಾಲಕ್ಕೂ ನಡುವಣ ಸೇತುವೆಯೆನ್ನಬಹುದು. ಅದರ ಎಂಜಿನಿನ ತಳದಲ್ಲಿ ಎಣ್ಣೆಯ ತೊಟ್ಟಿಯಿದ್ದಿತು; ತಿರುಗುವ ಭಾಗಗಳು ಎಣ್ಣೆಯನ್ನು ಎರಚಿ ಎಲ್ಲೆಡೆಗೂ ಮುಟ್ಟಿಸುತ್ತಿದ್ದುವು. ಎಣ್ಣೆ ಎಷ್ಟಿದೆಯೆಂದು ನೋಡಲು ಈಗಿನಂತೆ ಅಳತೆಕಡ್ಡಿಯಿರಲಿಲ್ಲ. ತೊಟ್ಟಿಯ ಹಿಂಬದಿಯಲ್ಲಿ ಮೇಲೊಂದು ಕೆಳಗೊಂದು ಎರಡು ಪುಟ್ಟ ನಲ್ಲಿಗಳು. ಮೇಲಿನದರಿಂದ ಎಣ್ಣೆ ಬಂದರೆ ಹೆಚ್ಚು; ಕೆಳಗಿನದರಿಂದಲೂ ಬಾರದಿದ್ದರೆ ಅಪಾಯ. ಇದನ್ನು ಪರೀಕ್ಷಿಸಲು ಒಬ್ಬನು ಕಾರಿನಡಿಯಲ್ಲಿ ತೆವಳಬೇಕಾಗಿದ್ದಿತು. ನಮ್ಮ ದೇಶದಲ್ಲಿ ಕ್ಲೀನರ್ ಎಂಬ ಹುದ್ದೆ ಬೇರೂರಿದ್ದರಲ್ಲಿ ಇಂತಹ ಕೆಲಸಗಳ ಪಾಲೂ ಇದ್ದಿತೆಂದು ನನಗೆ ತೋರುತ್ತದೆ.

ತಿರುಗಿ ಬರುವ ಎಣ್ಣೆ ತನ್ನೊಡನೆ ಕಶ್ಮಲವನ್ನೂ ತರುತ್ತದೆ. ಹೊಸ ಎಂಜಿನಿನಲ್ಲಿ ಇದು ಬಹಳ. ಕೊರೆದು ಉಜ್ಜಿ ಮಾಡಿದ ಲೋಹದ ಮೈ ಕಣ್ಣಿಗೆ ನುಣುಪಾಗಿದ್ದರೂ ಅದರಲ್ಲಿ ಕಾಣದಷ್ಟು ಸಣ್ಣ ಏಣುಗಳಿರುತ್ತವೆ. ಉರುಳೆಯೊಳಗೆ ಪಿಸ್ಟನ್ನಿನ ಬಳೆಗಳು ಮೇಲೆ ಕೆಳಗೆ ಓಡಾಡುತ್ತಾ ಈ ಏಣುಗಳನ್ನು ತೀಡಿಹಾಕುತ್ತವೆ. ತೀಡಿದ ಲೋಹದ ಹುಡಿ ಎಣ್ಣೆಯಲ್ಲಿ ಸೇರುತ್ತದೆ. ಹಿಂದಿನ ಕಂಪನಿಗಳು ಮೊದಲ ೫೦೦ ಮೈಲಿ ಮುಗಿಯುವವರೆಗೆ ಹೆಚ್ಚು ವೇಗ ಬೇಡವೆಂದೂ, ಅಷ್ಟಾದ ಕೂಡಲೆ ಎಣ್ಣೆಯನ್ನು ಪೂರ್ತಿಯಾಗಿ ಸುರಿದು ಹೊಸದನ್ನು ತುಂಬಬೇಕೆಂದೂ ವಿಧಿಸುತ್ತಿದ್ದುದು ಇದಕ್ಕಾಗಿಯೇ. ಇಂಗ್ಲೆಂಡಿನಲ್ಲಿ ಹೊಸ ಕಾರಿನ ಒಡೆಯರು 'ಇನ್ನೂ ಪಳಗುತ್ತಿದೆ, ದಯವಿಟ್ಟು ಮುಂದೆ ಹೋಗಿ' ಎಂಬ ಅರ್ಥದ ಚೀಟಿಯನ್ನು ಹಿಂದಿನ ಗಾಜಿಗೆ ಅಂಟಿಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಹೊಸ ಹೋರಿಗಳನ್ನು ನೊಗಕ್ಕೆ ಪಳಗಿಸುವಾಗ ಬಂಡಿಗೆ ಚೀಟಿಯನ್ನು ಅಂಟಿಸುವ ಅವಶ್ಯಕತೆಯಿರಲಿಲ್ಲ, ನೋಡಿದವರಿಗೇ ತಿಳಿಯುತ್ತಿದ್ದಿತು.

ಇನ್ನು ಧೂಳು. ನಮ್ಮ ಸೀಮೆಯ ಚರಿತ್ರೆಯಲ್ಲಿ ಧೂಳಿಗೆ ಪ್ರತ್ಯೇಕ ಅಧ್ಯಾಯ ಸಲ್ಲಬೇಕು. ಕೈಪುಸ್ತಕ ಬರೆದವರು ಡೆಟ್ರಾಯಿಟ್ಟಿನಲ್ಲಿಯೋ ಕವೆಂಟ್ರಿಯಲ್ಲಿಯೋ ಕುಳಿತಿದ್ದವರು. ಆ ಪುಸ್ತಕದ ಲೆಕ್ಕವನ್ನು ಹಿಡಿದು ಕೆಮ್ಮಣ್ಣಿನ ದಾರಿಯಲ್ಲಿ ಓಡಿಸಿದರೆ ಎಂಜಿನು ಬೇಗ ಮುದಿಯಾಗುತ್ತದೆ. ಮೊದಮೊದಲಿನ ಎಂಜಿನುಗಳಲ್ಲಿ ಗಾಳಿಯನ್ನು ಸೋಸುವ ಸಾಧನ ಅಪರೂಪ. ಎಣ್ಣೆಯನ್ನು ಸೋಸುವ ಸಾಧನವಂತೂ ೧೯೨೩ರ ಸುಮಾರಿಗೆ ಅಮೆರಿಕಾದಲ್ಲಿ ಕಣ್ಣು ಬಿಟ್ಟಿತು. ಕಲ್ಲಿನ ಸೀಮೆಯ ಧೂಳಿನಲ್ಲಿರುವ ಮರಳಿನ ಕಣವು ಕಬ್ಬಿಣಕ್ಕಿಂತ ಗಟ್ಟಿ. ಅದು ಎಣ್ಣೆಗೆ ಸೇರಿದರೆ ಎಣ್ಣೆಯೇ ಸಾಣೆಯಾಗುತ್ತದೆ. ಇಂದಿಗೂ ಕಂಪನಿಗಳು ಧೂಳಿನ ಪ್ರದೇಶದಲ್ಲಿ ಓಡುವ ವಾಹನಗಳಿಗೆ ಸಾಧಾರಣ ಅವಧಿಗಿಂತ ಬೇಗ, ಕೆಲವೆಡೆ ಅರ್ಧದಷ್ಟಕ್ಕೇ, ಎಣ್ಣೆ ಬದಲಾಯಿಸಬೇಕೆಂದು ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತಾರೆ. ಚಿಕ್ಕಬಳ್ಳಾಪುರದ ಸುತ್ತಲಿನ ಕಲ್ಲುಗಣಿಗಳ ಮತ್ತು ಜಲ್ಲಿಯ ಕ್ರಷರುಗಳ ದಾರಿಯಲ್ಲಿ ದಿನವೂ ಓಡಾಡುವವರು ಆ ಸಣ್ಣ ಅಕ್ಷರಗಳನ್ನೇ ಮೊದಲು ಓದಬೇಕು.

ಸದ್ದನ್ನು ಕೇಳಿ ದೋಷವನ್ನು ತಿಳಿಯುವ ವಿದ್ಯೆಯ ಪ್ರಸ್ತಾಪ ಬಂದಾಗ ಈ ಸೀಮೆಯವರಿಗೆ ಮುದ್ದೇನಹಳ್ಳಿಯ ನೆನಪಾಗದಿರದು. ಅಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದಲ್ಲಿ ಅಕ್ಷರ ಕಲಿತು, ೧೯೧೨ರಿಂದ ೧೯೧೮ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಒಂದು ರಾತ್ರಿ ರೈಲಿನಲ್ಲಿ ಹೋಗುತ್ತಿರುವಾಗ ಗಾಲಿಗಳ ಸದ್ದಿನ ಲಯ ತಪ್ಪಿದುದನ್ನು ಗುರುತಿಸಿ, ಸರಪಳಿ ಎಳೆದು ನಿಲ್ಲಿಸಿ, ಮುಂದೆ ಹಳಿ ಬಿರುಕು ಬಿಟ್ಟಿರುವುದನ್ನು ತೋರಿಸಿದರೆಂಬ ಕಥೆಯನ್ನು ಮಕ್ಕಳೆಲ್ಲರೂ ಬಲ್ಲರು. ಇದು ಬಾಯಿಂದ ಬಾಯಿಗೆ ಬಂದ ಕಥೆ. ಇದನ್ನು ಚರಿತ್ರೆಯೆಂದು ಸಾಧಿಸಲು ಹೊರಡುವುದಿಲ್ಲ. ಆದರೆ ಜನರು ತಮ್ಮ ಮಹಾಪುರುಷನಿಗೆ ಯಾವ ಗುಣವನ್ನು ಆರೋಪಿಸಿದರೆಂಬುದು ಚರಿತ್ರೆಯೇ. ಬಂಡಿಯಾಳಿನ ಕಿವಿಯನ್ನು ಅವರು ತಮ್ಮ ಎಂಜಿನಿಯರಿಗೆ ಕೊಟ್ಟರು.

ಲಿಖಿತ ಚರಿತ್ರೆಗೆ ಬರೋಣ. ೧೯೩೫ರಲ್ಲಿ, ಎಪ್ಪತ್ತು ವರ್ಷ ದಾಟಿದ್ದ ವಿಶ್ವೇಶ್ವರಯ್ಯನವರು ಮೋಟಾರು ಕೈಗಾರಿಕೆಯನ್ನು ಅಭ್ಯಾಸ ಮಾಡುವುದಕ್ಕಾಗಿ ಯೂರೋಪು ಅಮೆರಿಕಾಗಳಿಗೆ ಪ್ರವಾಸ ಹೋದರು. ಹಿಂದಿರುಗಿ ಭಾರತದಲ್ಲಿಯೇ ಮೋಟಾರುಗಳನ್ನು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಆಗ ಇಲ್ಲಿ ಓಡುತ್ತಿದ್ದ ಒಂದು ಮೋಟಾರೂ ಇಲ್ಲಿ ಹುಟ್ಟಿದುದಲ್ಲ. ೧೯೨೮ರಿಂದ ಮುಂಬಯಿಯಲ್ಲಿ ಜನರಲ್ ಮೋಟರ್ಸಿನವರು ಪೆಟ್ಟಿಗೆಗಳಲ್ಲಿ ಬಂದ ಭಾಗಗಳನ್ನು ಜೋಡಿಸುತ್ತಿದ್ದರು, ಅಷ್ಟೆ. ಉದ್ಯಮಿ ವಾಲಚಂದ ಹೀರಾಚಂದರು ಈ ಯೋಜನೆಯ ಬೆನ್ನಿಗೆ ನಿಂತರು. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸುವ ವಿಚಾರಕ್ಕೆ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಬೆಂಬಲವಿದ್ದಿತು. ಯುದ್ಧಕಾಲದ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದದ್ದು ಮೋಟಾರಿನ ಕಾರ್ಖಾನೆಯಲ್ಲ, ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಎಂಬ ವಿಮಾನದ ಕಾರ್ಖಾನೆ. ೧೯೪೨ರಲ್ಲಿ ಹಿಂದೂಸ್ಥಾನ್ ಮೋಟರ್ಸೂ ೧೯೪೪ರಲ್ಲಿ ವಾಲಚಂದರ ಪ್ರೀಮಿಯರ್ ಸಂಸ್ಥೆಯೂ ಹುಟ್ಟಿದುವು. ಎರಡೂ ಮೈಸೂರಿನ ಹೊರಗೆ. ಇದರ ಫಲವು ಎಣ್ಣೆಯವರೆಗೂ ಮುಟ್ಟಿತೆಂದು ನನ್ನ ಅಭಿಪ್ರಾಯ. ಯಂತ್ರವನ್ನು ತಾನೇ ಮಾಡುವ ಊರಿನಲ್ಲಿ ಅದರ ಸದ್ದಿನ ಅರ್ಥವನ್ನು ಹೇಳುವವರು ಬೀದಿಬೀದಿಯಲ್ಲಿ ಇರುತ್ತಾರೆ. ಮಾಡಿದವನು ಕಡಲಾಚೆ ಇದ್ದರೆ ಅವನ ಪುಸ್ತಕವನ್ನು ಓದಬಲ್ಲವನೇ ಪಂಡಿತನಾಗುತ್ತಾನೆ. ಓದಲಾರದ ಡ್ರೈವರು ಊಹೆಯನ್ನು ಅವಲಂಬಿಸುತ್ತಾನೆ.

ಆ ಊಹೆಗೆ ಅತಿ ಕಠಿಣವಾದ ಪರೀಕ್ಷೆ ಎರಡನೆಯ ಮಹಾಯುದ್ಧದಲ್ಲಿ ನಡೆಯಿತು. ಪೆಟ್ರೋಲಿಗೆ ಪಡಿತರ ಬಂದಿತು. ಖಾಸಗಿ ಸರ್ವೀಸು ಬಸ್ಸುಗಳ ಬೆನ್ನಿಗೆ ಇದ್ದಿಲ ಒಲೆಗಳು ಏರಿದುವು. ಮುಂಜಾನೆ ಕ್ಲೀನರು ಬಸ್ಸಿನ ಹಿಂದೆ ನಿಂತು ಒಲೆಗೆ ಕಿಡಿ ಹಾಕಿ, ತಿದಿಯ ಚಕ್ರವನ್ನು ಅರ್ಧ ಗಂಟೆಯ ಹೊತ್ತು ತಿರುವಿದ ಮೇಲೆ ಅನಿಲ ಹುಟ್ಟಿ ಎಂಜಿನು ಎಚ್ಚರಗೊಳ್ಳುತ್ತಿದ್ದಿತು. ಪೆಟ್ರೋಲಿನಲ್ಲಿ ಬರುವ ಬಲದಲ್ಲಿ ಮೂರನೆಯ ಒಂದು ಭಾಗವೋ ಅದಕ್ಕೂ ಹೆಚ್ಚೋ ಇದರಲ್ಲಿ ಕಡಮೆ. ಏರು ಬಂದಲ್ಲಿ ಪ್ರಯಾಣಿಕರು ಇಳಿದು ನಡೆಯುವುದೂ ನೂಕುವುದೂ ಟಿಕೀಟಿನಲ್ಲಿಯೇ ಸೇರಿದ್ದಂತೆ ತೋರುತ್ತಿದ್ದಿತು. ಇದನ್ನು ಅನುಭವಿಸಿದ ಹಿರಿಯರ ಬಾಯಿಂದ ಕೇಳಿದ ವಿನೋದಗಳು ಅನೇಕ. ಆದರೆ ಎಂಜಿನಿನ ಪಾಡು ವಿನೋದದ್ದಾಗಿರಲಿಲ್ಲ. ಇದ್ದಿಲ ಅನಿಲವನ್ನು ಎಷ್ಟು ಸೋಸಿದರೂ ಅದರೊಡನೆ ಬೂದಿಯೂ ಟಾರೂ ಉರುಳೆಗೆ ಹೋಗಿ, ಅಲ್ಲಿಂದ ಎಣ್ಣೆಗೆ ಇಳಿಯುತ್ತಿದ್ದುವು. ಪೆಟ್ರೋಲಿನ ಬಸ್ಸಿಗಿಂತ ಬಹು ಬೇಗ ಎಣ್ಣೆಯನ್ನು ಬದಲಾಯಿಸಬೇಕಾಗಿದ್ದಿತು. ಆದರೆ ಆ ಕಾಲದಲ್ಲಿ ಎಣ್ಣೆಗೂ ಬರ. ಹಳೆಯ ಎಣ್ಣೆಯನ್ನು ತಂಗಿಸಿ, ಸೋಸಿ, ಮತ್ತೆ ಹಾಕುವ ಪದ್ಧತಿ ದೇಶದೇಶಗಳಲ್ಲಿ ಬಳಕೆಗೆ ಬಂದಿತು. ಸೋಸಿದ ಎಣ್ಣೆಯಲ್ಲಿ ಕಣ್ಣಿಗೆ ಕಾಣುವ ಕಶ್ಮಲ ಹೋಗುತ್ತದೆ. ಕಾಣದ ಹುಳಿ ಉಳಿಯುತ್ತದೆ. ಬೇರಿಂಗುಗಳು ಸವೆದು ಎಂಜಿನುಗಳು ತಳದಿಂದ ಧಡಧಡನೆ ಬಡಿಯತೊಡಗುತ್ತಿದ್ದುವು. ಆ ಬಡಿತವನ್ನು ಕೇಳಿಯೂ ಓಡಿಸಿದವರನ್ನು ನಿಂದಿಸುವಂತಿಲ್ಲ. ಬಸ್ಸು ನಿಂತರೆ ಗೂಡು ಹೊತ್ತ ರೈತನು ಶಿಡ್ಲಘಟ್ಟದ ಪೇಟೆಗೆ ಹೋಗುವುದು ಹೇಗೆ?

೧೯೪೮ರ ಸೆಪ್ಟೆಂಬರ್ ೧೨ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಹುಟ್ಟಿತು. ಅದು ೧೯೬೧ರಲ್ಲಿ ನಿಗಮವಾಗಿ, ನಾಡಿಗೆ ಕರ್ನಾಟಕವೆಂಬ ಹೆಸರು ಬಂದ ೧೯೭೩ರಲ್ಲಿ ಈಗಿನ ಹೆಸರನ್ನು ಪಡೆಯಿತು. ಇದರಿಂದ ಪ್ರಯಾಣಿಕರಿಗಾದ ಸೌಕರ್ಯವನ್ನು ಎಲ್ಲರೂ ಬಲ್ಲರು. ಎಣ್ಣೆಯ ಚರಿತ್ರೆಯಲ್ಲಿ ಇದರ ಸ್ಥಾನ ಬೇರೆ: ಡಿಪೋ ಬಂದಿತು, ಡಿಪೋದೊಡನೆ ದಾಖಲೆ ಬಂದಿತು. ಎಣ್ಣೆ ಬದಲಾಯಿಸುವ ತೀರ್ಮಾನ ಡ್ರೈವರಿನ ಕಿವಿಯಿಂದ ಇಳಿದು ಕಾಗದದ ಮೇಲೆ ಕುಳಿತಿತು.

ಇದೇ ಸುಮಾರಿಗೆ ಎಣ್ಣೆಯೂ ಬದಲಾಯಿತು. ೧೯೩೦ರ ದಶಕದಲ್ಲಿ ಡೀಸೆಲ್ ಎಂಜಿನುಗಳಿಗಾಗಿ ಅಮೆರಿಕಾದಲ್ಲಿ ಕಶ್ಮಲವನ್ನು ತೊಳ್ಳುವ ಔಷಧವನ್ನು ಬೆರೆಸಿದ ಎಣ್ಣೆ ತಯಾರಾಗಿ, ಯುದ್ಧಾನಂತರ ಎಲ್ಲೆಡೆಯೂ ಹರಡಿತು. ಇದರಿಂದ ಒಂದು ಭ್ರಾಂತಿ ಹುಟ್ಟಿ ಇಂದಿಗೂ ಬಾಳುತ್ತಿದೆ. ಹಿಂದಿನ ಶುದ್ಧ ಕಲ್ಲೆಣ್ಣೆಯಲ್ಲಿ ಮಸಿಯು ತಳಕ್ಕೆ ಇಳಿದು ಕೆಸರಾಗಿ ಕೂರುತ್ತಿದ್ದಿತು. ಮೇಲಿನ ಎಣ್ಣೆ ಬಹುದಿನ ತಿಳಿಯಾಗಿ ಕಾಣುತ್ತಿದ್ದಿತು. ಹೊಸ ಎಣ್ಣೆ ಮಸಿಯನ್ನು ಕೂರಲು ಬಿಡದೆ ತನ್ನಲ್ಲಿ ಎತ್ತಿಕೊಂಡು ತಿರುಗುತ್ತದೆ. ಆದ್ದರಿಂದ ಅದು ಬೇಗ ಕಪ್ಪಾಗುತ್ತದೆ. ಡೀಸೆಲ್ ಗಾಡಿಯಲ್ಲಂತೂ ಹಾಕಿದ ಕೆಲವು ದಿನಗಳಲ್ಲಿಯೇ. ಕಪ್ಪಾದುದನ್ನು ಕಂಡು ಎಣ್ಣೆ ಕೆಟ್ಟಿತೆಂದು ಹಣ ಚೆಲ್ಲುವವರು ಒಂದು ಕಡೆ. ಕಪ್ಪಾದರೂ ಜಿಡ್ಡಿದೆಯಲ್ಲಾ ಎಂದು ವರ್ಷಗಟ್ಟಲೆ ಓಡಿಸುವವರು ಮತ್ತೊಂದು ಕಡೆ. ಬೆರಳಿಗೆ ಹಚ್ಚಿ ನೋಡಿ ಹೇಳುವ ಹಿರಿಯರ ಪರೀಕ್ಷೆ ಕೀಲೆಣ್ಣೆಗೆ ಸಲ್ಲುತ್ತಿದ್ದಿತು; ಇದಕ್ಕೆ ಸಲ್ಲದು. ಬಂಡಿಯ ಕಾಲದ ಜ್ಞಾನವನ್ನೆಲ್ಲಾ ಹಾಗೆಯೇ ಎತ್ತಿಕೊಂಡು ಬರಬಹುದೆಂದು ನಾನು ವಾದಿಸುತ್ತಿಲ್ಲವೆಂಬುದು ಇದರಿಂದ ಸ್ಪಷ್ಟವಾಗಲಿ.

ನಡುವೆ ಒಂದು ತಲೆಮಾರು ಎಣ್ಣೆ ಬದಲಾಯಿಸುವ ಗೊಡವೆಯಿಂದ ಅರೆಬರೆ ತಪ್ಪಿಸಿಕೊಂಡಿತು. ೧೯೬೦ರ ದಶಕದ ಆದಿಯಿಂದ ೧೯೯೬ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮಾಡಿದ ಮೋಟಾರುಸೈಕಲ್ಲುಗಳಲ್ಲಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುತ್ತಿದ್ದರು. ಅದು ಪೆಟ್ರೋಲಿನೊಡನೆಯೇ ಉರಿದು ಹೊಗೆಯಾಗಿ ಹೋಗುತ್ತಿದ್ದಿತು. ಗೇರಿನ ಪೆಟ್ಟಿಗೆಯ ಎಣ್ಣೆ ಮಾತ್ರ ಬೇರೆ. ಹೊಗೆಯ ಮೇಲಿನ ಕಟ್ಟಳೆಗಳು ಬಿಗಿಯಾದ ಮೇಲೆ ಆ ಜಾತಿಯ ಎಂಜಿನುಗಳು ಮರೆಯಾದುವು. ಅವುಗಳ ಸದ್ದನ್ನು ಸಂಗೀತವೆಂದು ಸ್ಮರಿಸುವ ರಸಿಕರು ಚಿಂತಾಮಣಿಯಲ್ಲಿಯೂ ಉಂಟು.

೨೦೦೭ರಲ್ಲಿ ಈ ತಾಲ್ಲೂಕುಗಳು ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದುವು. ೨೦೧೩ರಲ್ಲಿ ನೆರೆಯ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾ ಸಂಸ್ಥೆಯ ದ್ವಿಚಕ್ರ ವಾಹನಗಳ ಕಾರ್ಖಾನೆ ಕೆಲಸ ಆರಂಭಿಸಿತು. ಯಂತ್ರವನ್ನು ಮಾಡುವವರು ಈಗ ಕಡಲಾಚೆ ಇಲ್ಲ. ನಮ್ಮ ಮನೆಗಳ ಮಕ್ಕಳೇ ಅಂತಹ ಕಡೆ ಕೆಲಸಕ್ಕೆ ಹೋಗುತ್ತಾರೆ. ಹೊಸ ಮೋಟಾರುಸೈಕಲ್ಲಿಗೆ ಮೊದಲ ಎಣ್ಣೆಯನ್ನು ಸಾಮಾನ್ಯವಾಗಿ ೫೦೦ರಿಂದ ೧,೦೦೦ ಕಿಲೋಮೀಟರಿನೊಳಗೆ ಬದಲಾಯಿಸಲು ಹೇಳುತ್ತಾರೆ. ಕಾರುಗಳಲ್ಲಿ ಲೋಹದ ಕೆಲಸ ಹಿಂದಿಗಿಂತ ನಯವಾಗಿರುವುದರಿಂದ ಮೊದಲ ಭೇಟಿಯಲ್ಲಿ ನೋಡಿ ಬಿಟ್ಟು, ೧೦,೦೦೦ ಕಿಲೋಮೀಟರಿಗೋ ಒಂದು ವರ್ಷಕ್ಕೋ ಬದಲಾಯಿಸುವ ಕಂಪನಿಗಳು ಹಲವು. ಎರಡರಲ್ಲಿ ಯಾವುದು ಮೊದಲು ಬರುವುದೋ ಅದೇ ಲೆಕ್ಕ. ಕಾರು ಓಡದೆ ನಿಂತಿದ್ದರೂ ವರ್ಷ ಕಳೆದರೆ ಎಣ್ಣೆ ಮುದಿಯಾಗುತ್ತದೆಂಬುದನ್ನು ಮನೆಯ ಹಿರಿಯರು ನಂಬುವುದೇ ಇಲ್ಲ.

ಹೊಸ ವಾಹನದ ಸದ್ದನ್ನು ಕುರಿತು ಇಷ್ಟನ್ನು ಹೇಳಬಹುದು. ರಾತ್ರಿಯೆಲ್ಲಾ ನಿಂತ ಎಂಜಿನಿನಲ್ಲಿ ಎಣ್ಣೆ ತಳಕ್ಕೆ ಇಳಿದಿರುತ್ತದೆ. ಬೆಳಗ್ಗೆ ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ಮೇಲಿನ ಕವಾಟಗಳ ಬಳಿ ಟಕಟಕ ಎಂಬ ಸದ್ದು ಬಂದು, ಎಣ್ಣೆ ಮೇಲೇರಿದ ಕೂಡಲೆ ಅಡಗಿದರೆ ಗಾಬರಿ ಬೇಡ. ಎಣ್ಣೆ ಬದಲಾಯಿಸಿದ ಕೂಡಲೆ ಇದೇ ಸದ್ದು ತುಸು ಹೆಚ್ಚಾಗಿ ಕೇಳುವುದೂ ಉಂಟು. ಖಾಲಿಯಾದ ದಾರಿಗಳು ತುಂಬಬೇಕಲ್ಲವೇ. ತಣ್ಣಗಿರುವಾಗ ಇದ್ದು ಕಾದಂತೆಲ್ಲಾ ಕಡಮೆಯಾಗುವ ಸದ್ದು ಒಂದು ಬಗೆ. ಕಾದಂತೆಲ್ಲಾ ಹೆಚ್ಚಾಗುವುದು ಇನ್ನೊಂದು ಬಗೆ. ಎರಡನೆಯದು ಎಣ್ಣೆ ತೆಳುವಾಯಿತೆಂದೋ ಕಡಮೆಯಾಯಿತೆಂದೋ ಹೇಳುತ್ತಿರಬಹುದು. ತಳದಿಂದ ಬರುವ ಮಂದವಾದ ಬಡಿತವನ್ನು ಕೇಳಿದವರು ಆ ಕ್ಷಣವೇ ಎಂಜಿನನ್ನು ನಿಲ್ಲಿಸತಕ್ಕದ್ದು. ನಂದಿಬೆಟ್ಟದ ಏರಿನಲ್ಲಿ ಮೇಲಿನ ಗೇರಿನಲ್ಲಿಯೇ ಎಳೆಸಿದಾಗ ಬರುವ ಕಟಕಟ ಶಬ್ದಕ್ಕೂ ಎಣ್ಣೆಗೂ ಸಂಬಂಧವಿಲ್ಲ. ಅದು ಪೆಟ್ರೋಲು ಅಕಾಲದಲ್ಲಿ ಸಿಡಿಯುವುದು. ಗೇರನ್ನು ಇಳಿಸಿದರೆ ಅಡಗುತ್ತದೆ.

ಕೊನೆಗೆ, ತೆಗೆದ ಎಣ್ಣೆ ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆ. ಬಂಡಿಯ ಕಾಲದಲ್ಲಿ ಇದು ಹುಟ್ಟಲೇ ಇಲ್ಲ. ದಾರಿಯ ಮೇಲೆ ಬಿದ್ದ ಹರಳೆಣ್ಣೆಯನ್ನು ಮಣ್ಣು ಜೀರ್ಣಿಸಿಕೊಂಡಿತು. ಬದಲಾಯಿಸಿ ತೆಗೆದ ಕಲ್ಲೆಣ್ಣೆಯಲ್ಲಿ ಲೋಹದ ಹುಡಿಯೂ ಉರಿದುಳಿದ ವಿಷಪದಾರ್ಥಗಳೂ ಕೂಡಿರುತ್ತವೆ. ಸ್ವಲ್ಪ ಎಣ್ಣೆ ಬಹಳ ನೀರನ್ನು ಕೆಡಿಸಬಲ್ಲದು. ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಮೊದಲಾದುವು ನಂದಿಯ ಸುತ್ತಲೇ ಹುಟ್ಟುತ್ತವೆಂದು ಹೆಮ್ಮೆಪಡುವ ನಾವು ಕುಡಿಯುವುದು ಕೊಳವೆಬಾವಿಯ ನೀರನ್ನು. ಬೆಂಗಳೂರಿನ ಹೆಬ್ಬಾಳ ನಾಗವಾರ ಕಣಿವೆಗಳ ಚರಂಡಿಯ ನೀರನ್ನು ಶುದ್ಧೀಕರಿಸಿ ತಂದು ಚಿಕ್ಕಬಳ್ಳಾಪುರದ ಕಂದವಾರ ಕೆರೆಯಂಥವನ್ನು ತುಂಬಿಸಬೇಕಾದಷ್ಟು ನಮಗೆ ಬಡತನ. ಹೀಗಿರಲಾಗಿ ರಸ್ತೆಬದಿಯ ಮೋರಿಗೆ ಸುರಿದ ಡಬ್ಬಿ ಎಣ್ಣೆ ಮಳೆಗಾಲದಲ್ಲಿ ಯಾವ ಕೆರೆಗೆ ಇಳಿಯುವುದೆಂದು ಕೇಳಬೇಕಾಗಿದೆ. ಎಲ್ಲವೂ ಮೋರಿಗೆ ಹೋಗುವುದಿಲ್ಲ. ಕಟ್ಟಡದವರು ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೊಳ್ಳುತ್ತಾರೆ; ಉಳಿದಿರುವ ಕೆಲವು ಮರದ ಬಂಡಿಗಳ ಅಚ್ಚಿಗೂ ಈಗ ಬೀಳುವುದು ಇದೇ ಕಪ್ಪು ಎಣ್ಣೆ; ಪೀಪಾಯಿಗಳಲ್ಲಿ ಕೂಡಿಸಿ ಒಯ್ಯುವ ವರ್ತಕರೂ ಇದ್ದಾರೆ. ಬಳಸಿದ ಎಣ್ಣೆಯನ್ನು ಕಾಯಿಸಿ ಬಟ್ಟಿಯಿಳಿಸಿ ಮತ್ತೆ ಒಳ್ಳೆಯ ಎಣ್ಣೆ ಮಾಡುವ ವಿಧಾನ ಸಿದ್ಧವಾಗಿದೆ. ಎಣ್ಣೆಯನ್ನು ತಯಾರಿಸಿ ಮಾರಿದವರೇ ಹಳೆಯದರ ಸಂಸ್ಕರಣೆಗೂ ಹೊಣೆಯಾಗಬೇಕೆಂದು ಕೇಂದ್ರ ಸರ್ಕಾರ ೨೦೨೩ರಲ್ಲಿ ನಿಯಮವನ್ನು ಹೊರಡಿಸಿತು. ಅದು ೨೦೨೪ರ ಏಪ್ರಿಲ್ ೧ರಿಂದ ಜಾರಿಗೆ ಬಂದಿದೆ. ಹೊಸ ವಾಹನವನ್ನು ಮೊದಲ ಸರ್ವೀಸಿಗೆ ಕೊಂಡೊಯ್ಯುವ ಮನೆಯವರು ಬಿಲ್ಲಿನಲ್ಲಿ ಹೊಸ ಎಣ್ಣೆಯ ಬೆಲೆಯನ್ನು ನೋಡಿದಂತೆಯೇ, ಹಳೆಯದನ್ನು ಯಾರ ಪೀಪಾಯಿಗೆ ಸುರಿದರೆಂದು ಅಲ್ಲಿಯೇ ನಿಂತು ಕೇಳಬಹುದು.